ತಾನಾಗಿ ಆನ್ ಆಗುವ ಕಂಪ್ಯೂಟರ್: ಒಂದು ಸ್ವಿಚ್ಚಿನ ಚರಿತ್ರೆ

ಅಮ್ಮನ ಫೋನ್ ಬರುವುದು ರಾತ್ರಿ ಎಂಟೂವರೆಗೆ, ಊಟ ಆಗಿ ಅಡಿಗೆ ಕೋಣೆ ಒರೆಸಿದ ಮೇಲೆ. ಬೆಳಿಗ್ಗೆ ಆರಕ್ಕೆ ಬಂತೆಂದರೆ ಏನೋ ಆಗಿದೆ ಎಂದೇ ಲೆಕ್ಕ. 2023ರ ಮೇ ತಿಂಗಳ ಕೊನೆ, ಪತ್ತನಾಜೆ ಕಳೆದು ಎರಡು ಮೂರು ದಿನ ಆಗಿತ್ತು. ಬೆಂಗಳೂರಿನಲ್ಲಿ ನನಗಿನ್ನೂ ಸರಿಯಾಗಿ ಎಚ್ಚರ ಆಗಿರಲಿಲ್ಲ.

"ಮಗಾ, ನಿನ್ನ ಕಂಪ್ಯೂಟರ್ ರಾತ್ರಿ ತಾನಾಗಿ ಆನ್ ಆಯ್ತು."

"ನೀನು ಆಫ್ ಮಾಡ್ಲಿಕ್ಕೆ ಮರ್ತಿರ್ಬೇಕು ಅಮ್ಮ."

"ಮರಿಲಿಲ್ಲ. ಒಂಬತ್ತು ಗಂಟೆಗೆ ಆಫ್ ಮಾಡಿಯೇ ಮಲಗಿದ್ದು. ಮೂರು ಗಂಟೆಗೆ ಎದ್ದು ನೋಡಿದ್ರೆ ಅಪ್ಪನ ರೂಮಲ್ಲಿ ಬೆಳಕು."

ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಕನ್ನಡ ಮಾಡಿದಾಗ ಆ ಕೊನೆಯ ವಾಕ್ಯದಲ್ಲಿದ್ದ ನಡುಕ ಬಿಟ್ಟು ಹೋಗಿದೆ.

ಮನೆ ಇರುವುದು ತೋಡಾರಿನಲ್ಲಿ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿಳಿದು, ಮಣ್ಣಿನ ದಾರಿಯಲ್ಲಿ ಸ್ವಲ್ಪ ಒಳಗೆ ನಡೆಯಬೇಕು. ಒಂದು ಸಣ್ಣ ಅಡಿಕೆ ತೋಟ, ಒಂದು ಬಾವಿ, ಒಂದು ಪಂಪು. ಅಪ್ಪ ತೀರಿಕೊಂಡದ್ದು 2021ರಲ್ಲಿ. ಅಲ್ಲಿಂದ ಅಮ್ಮ ಒಬ್ಬಳೇ. ಆ ಕಂಪ್ಯೂಟರ್ 2012ರಲ್ಲಿ ನನ್ನ ಇಂಜಿನಿಯರಿಂಗಿಗೆಂದು ಅಪ್ಪ ತೆಗೆಸಿಕೊಟ್ಟದ್ದು. ನಾನು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿಗೆ ಹೋದ ಮೇಲೆ ಅದು ಅಪ್ಪನ ರೂಮಿನಲ್ಲಿ ಉಳಿಯಿತು. ಅಪ್ಪ ಹವ್ಯಾಸಿ ತಾಳಮದ್ದಳೆಯ ಅರ್ಥಧಾರಿ. ಕರ್ಣ, ಭೀಷ್ಮ, ವಾಲಿ ಎಂದು ಪಾತ್ರದ ಹೆಸರು ಬರೆದ ಹನ್ನೊಂದು ನೋಟ್‌ಬುಕ್ಕು ಬಿಟ್ಟು ಹೋಗಿದ್ದಾರೆ. ನಿವೃತ್ತ ಟೀಚರ್ ಆದ ಅಮ್ಮ ದಿನಕ್ಕೆ ಒಂದೆರಡು ಪುಟದಂತೆ ಅದನ್ನು ಟೈಪ್ ಮಾಡುತ್ತಿದ್ದಾಳೆ. ಅವಳು ಕಲಿತದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ರಾಯರ ಊರು ಕಿನ್ನಿಕಂಬಳ ನಮ್ಮ ಬಸ್ಸು ಬರುವ ಇದೇ ದಾರಿಯ ಹತ್ತಿರ ಎಂದು ಅಮ್ಮನಿಗೆ ಅದರ ಮೇಲೆ ವಿಶೇಷ ಪ್ರೀತಿ.

ಇಷ್ಟು ಹೇಳಿದ್ದು ಯಾಕೆಂದರೆ, ಆ ರೂಮಿನಲ್ಲಿ ನಡುರಾತ್ರಿ ಬೆಳಕು ಬರುವುದೆಂದರೆ ಏನೆಂದು ನಿಮಗೆ ಗೊತ್ತಾಗಲಿ ಎಂದು. ನನಗೆ ಅವತ್ತು ಗೊತ್ತಾಗಲಿಲ್ಲ. "ವಿಂಡೋಸ್ ಅಪ್‌ಡೇಟ್ ಇರ್ಬೇಕು, ಎಂತ ಆಗುದಿಲ್ಲ," ಎಂದು ಹೇಳಿ ಫೋನಿಟ್ಟೆ. ನನ್ನ ಕೆಲಸವೇ ಇಂಥದ್ದು: ಯಾವುದೋ ಕಂಪನಿಯ ಸರ್ವರ್ ರಾತ್ರಿ ಬಿದ್ದರೆ ಎಬ್ಬಿಸುವುದು. ಬೀಳುವ ಯಂತ್ರಗಳನ್ನು ನೋಡಿ ನೋಡಿ, ತಾನಾಗಿ ಏಳುವ ಯಂತ್ರ ನನಗೆ ದೂರೆಂದೇ ಅನ್ನಿಸಲಿಲ್ಲ.

ಮೂರು ದಿನ ಬಿಟ್ಟು ಮತ್ತೊಮ್ಮೆ ಆಯಿತು. "ಬಟನ್ನಿನ ಮೇಲೆ ಬೆಕ್ಕು ಕಾಲಿಟ್ಟಿರ್ಬಹುದು," ಎಂದೆ. ಮೂರನೇ ಸಲ, "ಮಳೆಗಾಲದ ಥಂಡಿಗೆ ಬಟನ್ ಸಿಕ್ಕಿಕೊಂಡಿರ್ಬೇಕು," ಎಂದೆ. ನಾಲ್ಕನೇ ಸಲ ಅಮ್ಮ ಹೇಳಲೇ ಇಲ್ಲ. ಹೇಳಿದ್ದು ಪಕ್ಕದ ಮನೆಯ ಅಕ್ಕ. "ಅಮ್ಮ ಎರಡು ದಿನದಿಂದ ರಾತ್ರಿ ನಮ್ಮಲ್ಲೇ ಮಲಗುದು ಮಾರಾಯ. ನಿನಗೆ ಹೇಳ್ಬೇಡ ಅಂದಿದ್ದಾರೆ."

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸರ್ವರ್ ಬಿದ್ದಾಗ ನಾವು ಮೊದಲು ಕೇಳುವುದು ಎರಡು ಪ್ರಶ್ನೆ: ಕೊನೆಯ ಸಲ ಸರಿ ಇದ್ದದ್ದು ಯಾವಾಗ? ಆಮೇಲೆ ಬದಲಾದದ್ದು ಏನು? ಈ ಎರಡನ್ನೂ ಅಮ್ಮನಿಗೆ ನಾನು ಕೇಳಿರಲೇ ಇಲ್ಲ. ಅದಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ. ಆಫ್ ಮಾಡಿದ ಯಂತ್ರ ತಾನಾಗಿ ಆನ್ ಆಗುವುದು ಹೇಗೆ ಸಾಧ್ಯ? ಆಫ್ ಮಾಡಿದ ಫ್ಯಾನು ತಾನಾಗಿ ತಿರುಗುವುದಿಲ್ಲ, ಗ್ರೈಂಡರ್ ತಾನಾಗಿ ಅರೆಯುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಈ ವಿದ್ಯೆ ಎಲ್ಲಿಂದ ಬಂತು?

ನಮ್ಮ ಊರಿನ ಕಡೆ ಚರಿತ್ರೆ ಎಂದರೆ 1430ರ ಸಾವಿರ ಕಂಬದ ಬಸದಿ. ಒಂದು ಸ್ವಿಚ್ಚಿಗೆ ಚರಿತ್ರೆ ಇದೆ ಎಂದರೆ ನಗುತ್ತಾರೆ. ಆದರೆ ಇದೆ, ಅದೂ ನಮ್ಮ ಕಣ್ಣೆದುರೇ ನಡೆದದ್ದು.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತು. ಅದರ ಪಕ್ಕದಲ್ಲಿ, ಹಿಂದುಗಡೆಗೆ, ಒಂದು ದೊಡ್ಡ ಕೆಂಪು ಸ್ವಿಚ್ಚು. ಅದನ್ನು ಕೆಳಗೆ ಮಾಡಿದರೆ ಟಕ್ ಎಂದು ಶಬ್ದ, ಗೋಡೆಯಿಂದ ಬರುವ ವಿದ್ಯುತ್ತೇ ಕಡಿದು ಹೋಗುತ್ತಿತ್ತು. ಒಳಗೆ ಏನೂ ಉಳಿಯುತ್ತಿರಲಿಲ್ಲ, ಇವತ್ತು ತಾರೀಕು ಎಷ್ಟು ಎನ್ನುವುದು ಕೂಡ. ಮರುದಿನ ಆನ್ ಮಾಡಿದರೆ ಡಾಸ್ ಮೊದಲು ಕೇಳುತ್ತಿದ್ದದ್ದು ದಿನಾಂಕ ಮತ್ತು ಗಂಟೆ. ಪ್ರತಿದಿನ ಹೊಸದಾಗಿ ಹುಟ್ಟುವ ಯಂತ್ರ ಅದು.

1984ರಲ್ಲಿ ಐಬಿಎಂ ಎಟಿ ಬಂತು. ಅದರೊಳಗೆ ಮೋಟರೋಲಾ ಕಂಪನಿಯ ಎಂಸಿ146818 ಎಂಬ ಸಣ್ಣ ಚಿಪ್ಪು. ಒಂದು ಗಡಿಯಾರ, ಅದರ ಜೊತೆಗೆ ಸೆಟ್ಟಿಂಗುಗಳನ್ನು ನೆನಪಿಡಲು ಅಷ್ಟಿಷ್ಟು ಜಾಗ, ಎರಡೂ ಸೇರಿ ಒಟ್ಟು 64 ಬೈಟು. ಅದಕ್ಕೊಂದು ಪ್ರತ್ಯೇಕ ಬ್ಯಾಟರಿ. ಸ್ವಿಚ್ ಆಫ್ ಮಾಡಿದರೂ ಈ ಗಡಿಯಾರ ಮಾತ್ರ ಓಡುತ್ತಲೇ ಇರುತ್ತಿತ್ತು. ವಿಶೇಷವೆಂದರೆ ಆ ಚಿಪ್ಪಿನಲ್ಲಿ ಅಲಾರಾಂ ಕೂಡ ಇತ್ತು. ಇಂಥ ಹೊತ್ತಿಗೆ ಎಬ್ಬಿಸು ಎಂದು ಬರೆದಿಡಬಹುದಾಗಿತ್ತು. ಆದರೆ ಎಬ್ಬಿಸುವುದು ಯಾರನ್ನು? ಮುಖ್ಯ ಸ್ವಿಚ್ಚನ್ನು ಮನುಷ್ಯನ ಬೆರಳೇ ಒತ್ತಬೇಕು. ಅಲಾರಾಂ ಹೊಡೆದರೂ ಏಳಲಿಕ್ಕೆ ಕಾಲಿಲ್ಲ.

ನೀವು ತೊಂಬತ್ತರ ದಶಕದ ಕೊನೆಯಲ್ಲಿ ಶಾಲೆಯ ಲ್ಯಾಬಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಮುಟ್ಟಿದವರಾದರೆ ನಿಮಗೂ ನೆನಪಿರಬೇಕು. ವಿಂಡೋಸ್ 95ರಲ್ಲಿ ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತು. ಇನ್ನು ಆಫ್ ಮಾಡಿದರೆ ತೊಂದರೆಯಿಲ್ಲ ಎಂದು ಯಂತ್ರ ನಮಗೆ ಹೇಳುತ್ತಿತ್ತು. ಕೆಲಸ ಮುಗಿಸುವುದು ಯಂತ್ರ, ವಿದ್ಯುತ್ ಕಡಿಯುವುದು ನಾವು. ಆಗ ಮುಂದುಗಡೆಯ ಬಟನ್ನಿಗೆ ದಪ್ಪ ವಯರು ಬರುತ್ತಿತ್ತು, ಅದರಲ್ಲಿ ಗೋಡೆಯ 230 ವೋಲ್ಟು ಹರಿಯುತ್ತಿತ್ತು.

ಇದು ಬದಲಾದದ್ದು 1995ರಲ್ಲಿ. ಆ ವರ್ಷ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿತು. ಮದರ್‌ಬೋರ್ಡು ಎಷ್ಟು ಅಗಲ, ಸ್ಕ್ರೂ ಎಲ್ಲೆಲ್ಲಿ ಎನ್ನುವ ವಿವರಗಳ ನಡುವೆ ಒಂದು ಸಣ್ಣ ಕ್ರಾಂತಿಯೂ ಅದರಲ್ಲಿತ್ತು. ಇನ್ನು ಮೇಲೆ ಬಟನ್ನು ವಿದ್ಯುತ್ತನ್ನು ಕಡಿಯುವುದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ಮನವಿ ಸಲ್ಲಿಸುತ್ತದೆ, ಅಷ್ಟೆ. ನಿಮ್ಮ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್‌ನಿಂದ ಹೊರಡುವ ವಯರುಗಳಲ್ಲಿ ಒಂದು ನೇರಳೆ, ಒಂದು ಹಸಿರು ಇರುತ್ತದೆ. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತೂ ನೇರಳೆ ವಯರಿನಲ್ಲಿ 5 ವೋಲ್ಟು ಇದ್ದೇ ಇರುತ್ತದೆ, ಕಂಪ್ಯೂಟರ್ ಆನ್ ಇರಲಿ, ಆಫ್ ಇರಲಿ. ಆ ಅಷ್ಟು ವಿದ್ಯುತ್ತಿನಲ್ಲಿ ಮದರ್‌ಬೋರ್ಡಿನ ಒಂದು ಮೂಲೆ ಎಚ್ಚರವಾಗಿದ್ದು ಕಾಯುತ್ತಿರುತ್ತದೆ. ಬಟನ್ ಒತ್ತಿದ್ದು ತಿಳಿದ ಕೂಡಲೇ ಹಸಿರು ವಯರನ್ನು ಅರ್ಥ್ ಮಾಡುತ್ತದೆ. ಆಗ ಎಸ್‌ಎಂಪಿಎಸ್ ಪೂರ್ತಿ ಏಳುತ್ತದೆ. ಆ್ಯಪಲ್ ಕಂಪನಿಯ ಮ್ಯಾಕಿಂಟಾಷ್-2 1987ರಲ್ಲೇ ಕೀಬೋರ್ಡಿನ ಒಂದು ಕೀಲಿಯಿಂದ ಆನ್ ಆಗುತ್ತಿತ್ತು. ಆದರೆ ನಮ್ಮ ನಿಮ್ಮ ಮನೆಗೆ ಈ ಸಂಗತಿ ಬಂದದ್ದು ಎಟಿಎಕ್ಸ್ ಮೂಲಕ.

ಒಮ್ಮೆ ಆನ್ ಮಾಡುವ ಅಧಿಕಾರ ಬೆರಳಿನಿಂದ ಬೋರ್ಡಿಗೆ ಹೋಯಿತಲ್ಲ, ಆಮೇಲೆ ಬೋರ್ಡಿನ ಕಿವಿಯಲ್ಲಿ ಹೇಳುವವರು ಹೆಚ್ಚಾದರು. ಮೊದಲಿನವನು 1984ರ ಆ ಅಲಾರಾಂ. ಹನ್ನೊಂದು ವರ್ಷ ಸುಮ್ಮನೆ ಕೂತಿದ್ದವನಿಗೆ ಈಗ ಕಾಲು ಬಂತು. ಎರಡನೆಯವನು ಬಂದದ್ದೂ 1995ರಲ್ಲೇ. ಎಎಂಡಿ ಮತ್ತು ಎಚ್‌ಪಿ ಕಂಪನಿಗಳು ಸೇರಿ ಮ್ಯಾಜಿಕ್ ಪ್ಯಾಕೆಟ್ ಎಂಬ ಸಂದೇಶವನ್ನು ರೂಪಿಸಿದವು. ಒಟ್ಟು 102 ಬೈಟು: ಮೊದಲು ಗುರುತಿಗೆ ಆರು, ಆಮೇಲೆ ಎಬ್ಬಿಸಬೇಕಾದ ಯಂತ್ರದ ನೆಟ್‌ವರ್ಕ್ ವಿಳಾಸ ಹದಿನಾರು ಸಲ. ನೂರಾರು ಕಂಪ್ಯೂಟರಿರುವ ಆಫೀಸಿನಲ್ಲಿ ಎಲ್ಲರೂ ಮನೆಗೆ ಹೋದ ಮೇಲೆ, ಒಬ್ಬ ನೌಕರ ಕುಳಿತಲ್ಲಿಂದಲೇ ಎಲ್ಲವನ್ನೂ ಎಬ್ಬಿಸಿ ಹೊಸ ಸಾಫ್ಟ್‌ವೇರ್ ತುಂಬಲಿ ಎಂಬುದು ಇದರ ಉದ್ದೇಶ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮಾವಳಿ ತಂದವು. ಅದರಲ್ಲಿ ನಿದ್ದೆಗೇ ಹಲವು ದರ್ಜೆ. ನಾವು ಶಟ್‌ಡೌನ್ ಎನ್ನುವ ಸ್ಥಿತಿಗೆ ಅಲ್ಲಿ ಎಸ್5, 'ಮೆತ್ತನೆಯ ಆಫ್' ಎಂದು ಹೆಸರು. ನಿಜವಾಗಿ ವಿದ್ಯುತ್ ಕಡಿದ ಸ್ಥಿತಿಗೆ ಜಿ3 ಎಂಬ ಬೇರೆಯೇ ಹೆಸರು. ಅಂದರೆ ಆಫ್ ಎರಡು ಥರ ಎಂದು ಅವರೇ ಬರೆದಿಟ್ಟಿದ್ದಾರೆ. ನಮಗೆ ಹೇಳಲಿಲ್ಲ, ಅಷ್ಟೆ.

ಮೂಡುಬಿದಿರೆ ಬಸ್ಸಿನಲ್ಲಿ ಬಂದು ತೋಡಾರಿನಲ್ಲಿ ಇಳಿಯುವಾಗ ನನ್ನ ತಲೆಯಲ್ಲಿ ಆರೋಪಿಗಳ ಪಟ್ಟಿ ತಯಾರಿತ್ತು.

ಅಮ್ಮ ಜಗಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯಲ್ಲಿ ಮಲಗಿದ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಾ ಕುಡಿದು ಅಪ್ಪನ ರೂಮಿಗೆ ಹೋದೆ.

ವಿಂಡೋಸ್ ಅಪ್‌ಡೇಟ್ ಎಂದು ಮೊದಲ ದಿನ ಹೇಳಿದ್ದೆನಲ್ಲ, ಅದನ್ನು ಮೊದಲು ಹೊಡೆದುಹಾಕಿದೆ. ಅಪ್‌ಡೇಟಿನ ಅಲಾರಾಂ ಸಾಮಾನ್ಯವಾಗಿ ಎಬ್ಬಿಸುವುದು ಸ್ಲೀಪಿನಲ್ಲಿರುವ ಕಂಪ್ಯೂಟರನ್ನು. ಅಮ್ಮ ಮಾಡುವುದು ಶಟ್‌ಡೌನ್. ಬಯೋಸ್ ತೆರೆದು ನೋಡಿದರೆ ಅಲ್ಲಿಯ ಅಲಾರಾಂ ಕೂಡ ಆಫ್ ಇತ್ತು. ನೆಟ್‌ವರ್ಕಿನ ಮ್ಯಾಜಿಕ್ ಪ್ಯಾಕೆಟ್? ನಮ್ಮಲ್ಲಿ ನೆಟ್‌ವರ್ಕ್ ಕೇಬಲ್ಲೇ ಇಲ್ಲ, ಅಮ್ಮನ ಫೋನಿನ ಹಾಟ್‌ಸ್ಪಾಟು, ಅದೂ ರಾತ್ರಿ ಬಂದ್. ಉಳಿದದ್ದು ಬಟನ್ನು. ಕ್ಯಾಬಿನೆಟ್ ಬಿಚ್ಚಿ, ಬಟನ್ನಿನಿಂದ ಬೋರ್ಡಿಗೆ ಬರುವ ಎರಡು ಪಿನ್ನಿನ ಕನೆಕ್ಟರನ್ನೇ ಕಿತ್ತಿಟ್ಟೆ. ಈಗಲೂ ಆನ್ ಆದರೆ ಬೆಕ್ಕೂ ಅಲ್ಲ, ಥಂಡಿಯೂ ಅಲ್ಲ.

ಆಮೇಲೆ ವಿಂಡೋಸಿನ ಇವೆಂಟ್ ವ್ಯೂವರ್ ತೆರೆದೆ. ಕಂಪ್ಯೂಟರ್ ಯಾವಾಗ ಎದ್ದಿತು, ಯಾವಾಗ ಮಲಗಿತು ಎಂದು ತಾನೇ ಬರೆದಿಡುವ ದಿನಚರಿ ಅದು. ಏಳುವಾಗೆಲ್ಲ 6005 ಎಂಬ ಸಂಖ್ಯೆಯ ಸಾಲು ಬೀಳುತ್ತದೆ. ಮೇ, ಜೂನ್ ತಿಂಗಳನ್ನು ಸೋಸಿ ನೋಡಿದರೆ, ಅಮ್ಮ ಹೇಳಿದ ಒಂದು ರಾತ್ರಿಯೂ ಇಲ್ಲ! ಒಂದು ಕ್ಷಣ, ಹೇಳಲು ನಾಚಿಕೆ, ಅಮ್ಮನಿಗೆ ಭ್ರಮೆಯೋ ಎಂದು ಕೂಡ ಅನ್ನಿಸಿತು. ಒಬ್ಬಳೇ ಇರುವವಳು, ವಯಸ್ಸಾಯಿತು, ಇತ್ಯಾದಿ.

"ಅಮ್ಮ, ನಿನಗೆ ತಾರೀಕು ನೆನಪುಂಟಾ?"

"ನೆನಪು ಎಂತಕ್ಕೆ? ಕ್ಯಾಲೆಂಡರಲ್ಲಿ ಉಂಟಲ್ಲ."

ಅಡಿಗೆ ಕೋಣೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಕೆಲಸದವರ ಸಂಬಳ. ಅದರ ನಡುವೆ ಪೆನ್ಸಿಲಿನಲ್ಲಿ 'ಪೋ 11.40, ಬ 2.50' ಎಂಬಂಥ ಟಿಪ್ಪಣಿಗಳು. ಪೋ ಎಂದರೆ 'ಪೋಂಡ್', ಹೋಯಿತು. ಬ ಎಂದರೆ 'ಬತ್ತ್ಂಡ್', ಬಂತು. ಕರೆಂಟಿನ ಲೆಕ್ಕ! ತೋಟಕ್ಕೆ ನೀರು ಬಿಡುವ ಪಂಪಿಗೆ ತ್ರೀಫೇಸ್ ಯಾವಾಗ ಬರುತ್ತದೆಂದು ನೋಡಿಕೊಳ್ಳಲು ಅಪ್ಪ ಶುರು ಮಾಡಿದ ಅಭ್ಯಾಸ ಅದು. ಅಪ್ಪ ಹೋದ ಮೇಲೂ ಅಮ್ಮ ಬಿಟ್ಟಿಲ್ಲ. ರಾತ್ರಿ ಫ್ಯಾನ್ ನಿಂತರೆ ಅವಳಿಗೆ ಎಚ್ಚರ ಆಗುತ್ತದೆ, ಗಡಿಯಾರ ನೋಡುತ್ತಾಳೆ, ಬೆಳಿಗ್ಗೆ ಎದ್ದು ಬರೆಯುತ್ತಾಳೆ. ನಾಲ್ಕು ರಾತ್ರಿಗಳ ಚೌಕದಲ್ಲಿ 'ಕಂ' ಎಂದೂ ಇತ್ತು.

ಆ ಕ್ಯಾಲೆಂಡರು ಹಿಡಿದು ಕೂತಾಗ ನನಗನ್ನಿಸಿದ್ದು, ನಮ್ಮ ಮತ್ತು ಕರೆಂಟಿನ ಸಂಬಂಧವೇ ಹೀಗೆ, ಹೋಗುವ ಬರುವ ಸಂಬಂಧ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಮೈಸೂರು ಸಂಸ್ಥಾನದ ಕಥೆ. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು. ಮೈಸೂರಿನೊಂದಿಗೆ ಒಂದಾದದ್ದು 1956ರ ನವೆಂಬರ್ 1ಕ್ಕೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ಮನೆಗೆ ಕಂಬ ಬಂದದ್ದು 1983ರಲ್ಲಿ, ಅಮ್ಮ ಮದುವೆಯಾಗಿ ಬಂದ ವರ್ಷ. ಗಾಳಿಗೆ ಮರ ತಂತಿಯ ಮೇಲೆ ಬಿದ್ದರೆ ಹೋಗುತ್ತದೆ, ಯಾರೋ ಮಳೆಯಲ್ಲಿ ನೆನೆದು ಕಂಬ ಹತ್ತಿದರೆ ಬರುತ್ತದೆ. ಗುಡ್ಡ, ಕಾಡು, ತೋಟಗಳ ನಡುವೆ ಎಳೆದ ತಂತಿ, ಯಾರನ್ನು ದೂರುವುದು?

ಈಗ ಲೆಕ್ಕ ಮಾಡಿದೆವು. ಮೂರು ವಾರದಲ್ಲಿ ಒಂಬತ್ತು ರಾತ್ರಿ ಕರೆಂಟು ಹೋಗಿದೆ. ಕಂಪ್ಯೂಟರ್ ಎದ್ದದ್ದು ನಾಲ್ಕು ರಾತ್ರಿ ಮಾತ್ರ, ನಾಲ್ಕು ಸಲವೂ ಕರೆಂಟು ವಾಪಸು ಬಂದ ಹೊತ್ತಿಗೆ. ಹಾಗಾದರೆ ಉಳಿದ ಐದು? ಅದರಲ್ಲಿ ಮೂರು ಸಲ ಕರೆಂಟು ಹೋದದ್ದು ಹತ್ತು ಹದಿನೈದು ನಿಮಿಷ ಅಷ್ಟೆ. ಅಷ್ಟು ಹೊತ್ತು ಹಳೆಯ ಯುಪಿಎಸ್ ತಡೆದುಕೊಳ್ಳುತ್ತದೆ. ಅದಕ್ಕೂ ಮೀರಿದರೆ ಅದರ ಬ್ಯಾಟರಿ ಮುಗಿದು, ಕಂಪ್ಯೂಟರಿಗೆ ನಿಜವಾಗಿ ಕರೆಂಟು ಹೋಗುತ್ತದೆ. ಇನ್ನೆರಡು ರಾತ್ರಿ? ಎರಡೆರಡು ಗಂಟೆ ಹೋಗಿತ್ತು, ಆದರೂ ಕಂಪ್ಯೂಟರ್ ಎದ್ದಿಲ್ಲ. ನನ್ನ ಲೆಕ್ಕ ಅಲ್ಲಿ ಸಿಕ್ಕಿಕೊಂಡಿತು.

"ಆ ಎರಡು ದಿನ ಗುಡುಗು ಇತ್ತಲ್ಲ," ಎಂದಳು ಅಮ್ಮ. "ನಾನು ಪ್ಲಗ್ಗೇ ತೆಗ್ದಿಟ್ಟಿದ್ದೆ."

"ಬೆಳಿಗ್ಗೆ ವಾಪಸು ಹಾಕುವಾಗ?"

"ಹಾಕಿದ ಕೂಡ್ಲೇ ಆನ್ ಆಯ್ತು."

"ಅದನ್ನು ನನಗೆ ಹೇಳ್ಲಿಲ್ಲ?"

"ಪ್ಲಗ್ ಹಾಕಿದ್ರೆ ಆನ್ ಆಗುದಲ್ವಾ? ಮಿಕ್ಸಿ ಆಗುದಿಲ್ವಾ?"

ಆಗುತ್ತದೆ. ಅವಳ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ತಪ್ಪು ಕೇಳದೇ ಇದ್ದವನದ್ದು. ಯುಪಿಎಸ್ ಬಿಟ್ಟು ನೇರ ಗೋಡೆಗೆ ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿದೆ. ಬಟನ್ನಿನ ವಯರು ಇನ್ನೂ ಮೇಜಿನ ಮೇಲೇ ಇತ್ತು. ಒಂದೆರಡು ಸೆಕೆಂಡು ನಿಶ್ಶಬ್ದ. ಆಮೇಲೆ ಫ್ಯಾನು ಬರ್ರ್ ಎಂದಿತು, ನೀಲಿ ಬೆಳಕು ಬಂತು. ಹಾಡುಹಗಲಲ್ಲೂ ನನಗೆ ಮೈ ಜುಮ್ ಎಂದಿತು. ರಾತ್ರಿ ಮೂರಕ್ಕೆ ಅಮ್ಮನಿಗೆ ಹೇಗಾಗಿರಬೇಡ!

ಆ ನೀಲಿ ಪರದೆಯ ಮೂಲೆಯಲ್ಲಿ ತಾರೀಕು: 1-1-2012.

ಅಲ್ಲಿಗೆ ಗಂಟು ಬಿಚ್ಚಿತು. ಇವೆಂಟ್ ವ್ಯೂವರಿನಲ್ಲಿ 2012ರ ಜನವರಿ ಒಂದನ್ನು ಹುಡುಕಿದರೆ, ಕಾಣೆಯಾದ ನಾಲ್ಕೂ ರಾತ್ರಿಗಳು ಅಲ್ಲಿ ಸಾಲಾಗಿ ಕೂತಿದ್ದವು. ಆ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 10. ಅದು ಹುಟ್ಟಿದ್ದೇ 2015ರಲ್ಲಿ. ಹೊಯ್ಸಳರ ಶಾಸನದಲ್ಲಿ ಹಸಿಮೆಣಸಿನ ಹೆಸರು ಬಂದ ಹಾಗೆ! ತಾರೀಕು ಸುಳ್ಳು, ಸಂಗತಿ ನಿಜ. ಅಮ್ಮ ಟೈಪ್ ಮಾಡಿದ ಕರ್ಣನ ಎರಡು ಪುಟಕ್ಕೂ 2012ರ ಮುದ್ರೆ ಬಿದ್ದಿತ್ತು. ಕೆಲವು ಬೆಳಿಗ್ಗೆ "ನೆಟ್ ಬರುದಿಲ್ಲ, ಎಂತದೋ ಸರ್ಟಿಫಿಕೇಟ್ ಸರಿ ಇಲ್ಲ ಅಂತದೆ" ಎಂದು ಅವಳು ಹೇಳಿದ್ದು ಈಗ ನೆನಪಾಯಿತು. ತಾರೀಕು ಹನ್ನೊಂದು ವರ್ಷ ಹಿಂದಿದ್ದರೆ ವೆಬ್‌ಸೈಟುಗಳ ಸರ್ಟಿಫಿಕೇಟು ಇನ್ನೂ ಹುಟ್ಟಿಯೇ ಇರುವುದಿಲ್ಲ. ಅದಕ್ಕೂ ನಾನು "ಫೋನ್ ರೀಸ್ಟಾರ್ಟ್ ಮಾಡು" ಎಂದಿದ್ದೆ.

ಕಾರಣ, ಮದರ್‌ಬೋರ್ಡಿನ ಮೇಲೆ ಎಂಟಾಣೆಯಷ್ಟು ಅಗಲದ ಒಂದು ಸೆಲ್. ಅದರ ಹೆಸರು ಸಿಆರ್2032. 1984ರ ಆ ಗಡಿಯಾರದ ವಂಶಕ್ಕೆ ಇವತ್ತಿಗೂ ಅನ್ನ ಹಾಕುವುದು ಇದೇ. ಹೊಸದಾಗಿದ್ದರೆ 3 ವೋಲ್ಟು. ಪಂಪ್ ರಿಪೇರಿಗೆಂದು ಅಪ್ಪ ಇಟ್ಟಿದ್ದ ಮೀಟರಿನಲ್ಲಿ ನೋಡಿದರೆ ಎರಡೂ ಇರಲಿಲ್ಲ. ಹನ್ನೊಂದು ವರ್ಷ ದುಡಿದು ಸತ್ತಿತ್ತು. ಅದು ಸತ್ತ ಮೇಲೆ ಕರೆಂಟು ಹೋದಾಗೆಲ್ಲ ಬೋರ್ಡಿಗೆ ಮರೆವು. ತಾರೀಕೂ ಮರೆಯಿತು, ಸೆಟ್ಟಿಂಗುಗಳನ್ನೂ ಮರೆಯಿತು, ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗಾಯಿತು.

ಆ ಸೆಟ್ಟಿಂಗುಗಳಲ್ಲಿ ಒಂದು: ಹೋದ ಕರೆಂಟು ವಾಪಸು ಬಂದಾಗ ಏನು ಮಾಡಬೇಕು? ಅದಕ್ಕೆ ಮೂರು ಉತ್ತರ. ಆಫ್ ಆಗಿಯೇ ಇರು, ಆನ್ ಆಗು, ಮೊದಲು ಹೇಗಿದ್ದೆಯೋ ಹಾಗಿರು. 2012ರಲ್ಲಿ ಅಸೆಂಬಲ್ ಮಾಡುವಾಗ ಮೊದಲನೆಯದು ಹಾಕಿದ್ದಿರಬೇಕು. ನಮ್ಮ ಬೋರ್ಡಿನ ಮೂಲ ಉತ್ತರ ಎರಡನೆಯದು. ಈ ಸೌಲಭ್ಯ ಬಹಳ ಉಪಯೋಗಕ್ಕೆ ಬರುವುದು ಸರ್ವರುಗಳಿಗೆ. ಯಾರೂ ಇಲ್ಲದ ಕೋಣೆಯಲ್ಲಿ ಕರೆಂಟು ಹೋಗಿ ಬಂದರೆ ಯಂತ್ರ ತಾನಾಗಿ ಎದ್ದು ಕೆಲಸಕ್ಕೆ ಕೂರಲಿ ಎಂದು. ನನ್ನ ಆಫೀಸಿನಲ್ಲಿ ಯಾವ ಗುಣಕ್ಕೆ ನಾವು ಭೇಷ್ ಎನ್ನುತ್ತೇವೋ, ಅದೇ ಗುಣ ತೋಡಾರಿನಲ್ಲಿ ಒಬ್ಬಳೇ ಮಲಗಿದ ಹೆಂಗಸನ್ನು ಹೆದರಿಸಿತ್ತು.

ಮೂಡುಬಿದಿರೆ ಪೇಟೆಗೆ ಹೋಗಿ ಸೆಲ್ ತಂದೆ. ನಲವತ್ತು ರೂಪಾಯಿ. ಹಾಕಿ, ತಾರೀಕು ತಿದ್ದಿ, ಬಯೋಸಿನಲ್ಲಿ 'ಆಫ್ ಆಗಿಯೇ ಇರು' ಎಂದು ಬರೆದು, ಬಟನ್ನಿನ ವಯರು ಸಿಕ್ಕಿಸಿದೆ. ಗೋಡೆಯ ಸ್ವಿಚ್ಚನ್ನು ಹತ್ತು ಸಲ ಆಫ್, ಆನ್ ಮಾಡಿದೆ. ಏಳಲಿಲ್ಲ.

ಅಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಹಾಗಾದ್ರೆ ನಾನು ಆಫ್ ಮಾಡಿದ್ರೂ ಅದು ಆಫ್ ಆಗುದಿಲ್ಲ?"

ಟೀಚರಿಗೆ ಪಾಠ ಮಾಡುವ ಅವಕಾಶ ಸಿಕ್ಕಿತು. ಮುಂದಿನ ಬಟನ್ನಿನ ಮೇಲಿನ ಗುರುತು ತೋರಿಸಿದೆ: ಮೇಲ್ಗಡೆ ಬಾಯಿ ತೆರೆದ ವೃತ್ತ, ಆ ಬಾಯಿಯಲ್ಲಿ ಒಂದು ಗೆರೆ. ನಿಮ್ಮ ಲ್ಯಾಪ್‌ಟಾಪ್, ಟಿವಿ ರಿಮೋಟು, ಎಲ್ಲದರ ಮೇಲೂ ಅದೇ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗದ ಚಿಹ್ನೆಗಳ ಪಟ್ಟಿಯಲ್ಲಿ ಅದರ ಅರ್ಥ ಸ್ಟ್ಯಾಂಡ್‌ಬೈ, ಅಂದರೆ ಕಾದುಕೊಂಡಿರು. ಜನ ಅದನ್ನು ಆನ್-ಆಫ್ ಎಂದೇ ಓದಿದರು. 2004ರಲ್ಲಿ ಐಇಇಇ 1621 ಎಂಬ ಮಾನದಂಡ ಬಂದು, ಆಗಲಿ, ಇದನ್ನು ಪವರ್ ಎಂದೇ ಕರೆಯೋಣ ಎಂದಿತು. ಹಾಗೆ ಒಂದು ಎಚ್ಚರಿಕೆಯ ಗುರುತು ಬರೀ ಬಟನ್ನಿನ ಗುರುತಾಯಿತು. ಕಂಪ್ಯೂಟರಿನ ಹಿಂದೆ, ಎಸ್‌ಎಂಪಿಎಸ್ ಮೇಲೆ ಇನ್ನೊಂದು ಸ್ವಿಚ್ಚು ಇರುತ್ತದೆ, ಅದರ ಮೇಲೆ ಒಂದು ಗೆರೆ ಮತ್ತು ಪೂರ್ತಿ ಮುಚ್ಚಿದ ಸೊನ್ನೆ. ಆ ಸೊನ್ನೆಯೇ 1981ರ ಆಫ್. ಗೋಡೆಯ ಸ್ವಿಚ್ಚಂತೂ ಸರಿಯೇ ಸರಿ.

"ಅಷ್ಟೇ ಅಲ್ಲ," ಎಂದೆ ಉತ್ಸಾಹದಲ್ಲಿ, "ಗೋಡೆಯಲ್ಲಿ ಆಫ್ ಮಾಡದಿದ್ರೆ ಅದು ಸುಮ್ಮನೆ ಕರೆಂಟ್ ಕುಡಿತಾ ಇರ್ತದೆ. ಮೂರು ವಾಟ್ ಅಂದ್ರೂ ವರ್ಷಕ್ಕೆ ಇಪ್ಪತ್ತಾರು ಯೂನಿಟ್. 1999ರಲ್ಲೇ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ, ಯಾವ ಯಂತ್ರವೂ ಸ್ಟ್ಯಾಂಡ್‌ಬೈಯಲ್ಲಿ ಒಂದು ವಾಟಿಗಿಂತ ಹೆಚ್ಚು ಕುಡಿಯಬಾರದು ಅಂತ ಹೇಳಿತ್ತು."

"ಗೋಡೆಯಲ್ಲಿ ಆಫ್ ಮಾಡು ಅಂತ ಅಪ್ಪ ನಿನಗೆ 2012ರಲ್ಲೇ ಹೇಳಿದ್ರು," ಎಂದಳು ಅಮ್ಮ. "ಕಂಪ್ಯೂಟರಿಗೆ ಹಾಗೆಲ್ಲ ಮಾಡ್ಲಿಕ್ಕಿಲ್ಲ ಅಂತ ನೀನೇ ಜಗಳ ಮಾಡಿದ್ದು."

ನಿಜ. ಶಟ್‌ಡೌನ್ ಕೊಟ್ಟರೆ ಸಾಕು, ನಿಮಗೆ ಗೊತ್ತಾಗುದಿಲ್ಲ ಅಪ್ಪ, ಎಂದಿದ್ದೆ. ಅಪ್ಪ ಏನೂ ಹೇಳಲಿಲ್ಲ. ಗುಡುಗು ಬಂದ ರಾತ್ರಿ ಮಾತ್ರ ನಾನು ಮಲಗಿದ ಮೇಲೆ ಬಂದು ಪ್ಲಗ್ ತೆಗೆದಿಡುತ್ತಿದ್ದರು.

ನಿಮ್ಮ ಊರಿನ ಮನೆಯಲ್ಲೂ ಇಂಥದ್ದೊಂದು ಹಳೆಯ ಡೆಸ್ಕ್‌ಟಾಪ್ ಇರಬಹುದು, ಅದು ರಾತ್ರಿ ತಾನಾಗಿ ಏಳಬಹುದು. ಮೊದಲು ತಾರೀಕು ನೋಡಿ. ಹಿಂದೆ ಹೋಗಿದ್ದರೆ ಸೆಲ್ ಬದಲಿಸಿ. ಕರೆಂಟು ಬಂದಾಗ ಏನು ಮಾಡಬೇಕೆಂಬ ಸೆಟ್ಟಿಂಗ್ ನೋಡಿ. ಆಮೇಲೆ ಅಲಾರಾಂ, ನೆಟ್‌ವರ್ಕು, ಬಟನ್ನು. ಇದೆಲ್ಲಕ್ಕಿಂತ ಮೊದಲು, ಅಲ್ಲಿ ಇರುವವರನ್ನು ಕೇಳಿ: ಯಾವಾಗ ಆಯಿತು, ಅದಕ್ಕೆ ಮುಂಚೆ ಏನಾಯಿತು ಎಂದು. ಅವರ ಹತ್ತಿರ ದಾಖಲೆ ಇರುತ್ತದೆ. ನಾವು ಕೇಳಿರುವುದಿಲ್ಲ.

ಭಾನುವಾರ ರಾತ್ರಿ ಬೆಂಗಳೂರಿಗೆ ಬಸ್ಸು ಹತ್ತಿದೆ. ಮಂಗಳವಾರ ಬೆಳಿಗ್ಗೆ ಆರಕ್ಕೆ ಫೋನು ಟಿಣ್ ಎಂದಾಗ ಎದೆ ಧಸಕ್ ಎಂದಿತು. ವಾಟ್ಸಾಪಿನಲ್ಲಿ ಅಮ್ಮ ಒಂದು ಫೋಟೋ ಕಳಿಸಿದ್ದಳು. ಕ್ಯಾಲೆಂಡರಿನ ಒಂದು ಚೌಕ, ಪೆನ್ಸಿಲಿನ ಅಕ್ಷರ:

'ಪೋ 1.10, ಬ 3.25. ಕಂ ಇಲ್ಲ. ಇಲ್ಲಿಯೇ ಮಲಗಿದ್ದು.'